ಷಾರ್ಲೆಟ್ಟಳ ಸೂರು

1813ರಲ್ಲಿ ಪ್ರಕಟವಾದ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಎಂಬ ಆಂಗ್ಲ ಕಾದಂಬರಿಯು ಅನುರಾಗದ ಕಥೆಯೆಂದು ಪ್ರಸಿದ್ಧವಾಗಿದೆ. ಆದರೆ ಅದರ ಮೂಲದಲ್ಲಿರುವುದು ಆಸ್ತಿಯ ಚಿಂತೆ. ಬೆನೆಟ್ ಎಂಬ ಗೃಹಸ್ಥನಿಗೆ ವರ್ಷಕ್ಕೆ 2,000 ಪೌಂಡುಗಳ ಉತ್ಪತ್ತಿಯುಂಟು, ಐವರು ಪುತ್ರಿಯರುಂಟು, ಪುತ್ರಸಂತಾನವಿಲ್ಲ. ಆದುದರಿಂದ ಅವನ ಮರಣಾನಂತರ ಮನೆಮಾರೆಲ್ಲವೂ ಕಾಲಿನ್ಸ್ ಎಂಬ ದಾಯಾದಿಗೆ ಸೇರತಕ್ಕುದು.

ಕಾರ್ಕಳದ ಬಳಿಯ ಕುಕ್ಕುಂದೂರಿನಂತಹ ತುಳುನಾಡಿನ ಗ್ರಾಮಗಳಲ್ಲಿ ಅಳಿಯಸಂತಾನದ ಕಟ್ಟನ್ನು ಬಲ್ಲವರಿಗೆ ಇದು ವಿಪರೀತವಾಗಿ ತೋರುವುದು ಸಹಜ. ಬಂಟರೇ ಮೊದಲಾದವರಲ್ಲಿ ಕುಟುಂಬದ ಸೊತ್ತು ಹೆಣ್ಣಿನ ಸಂತತಿಯಲ್ಲಿ ಇಳಿದುಬರುತ್ತಿತ್ತು. 1949ರ ಮದ್ರಾಸು ಕಾಯಿದೆಯು ಪಾಲಿಗೆ ದಾರಿಮಾಡುವ ತನಕ ಅದು ಒಡೆಯದೆ ನಿಲ್ಲುವುದೇ ವಾಡಿಕೆ. ಆ ಕಟ್ಟೂ ನಿರ್ದೋಷವಲ್ಲ. ತಂದೆಯ ಕುಟುಂಬದ ಸೊತ್ತಿನಲ್ಲಿ ಅವನ ಮಕ್ಕಳಿಗೆ ಭಾಗವಿರಲಿಲ್ಲ. ಆದರೂ ಮದುವೆಯಾಗಿ ಹೋದವಳಿಗೆ ಮರಳಿ ಬರಲು ಹಕ್ಕಿನ ಸೂರೊಂದಿತ್ತು.

ಈ ಸೂರನ್ನು ನೆನೆದು ಓದಿದರೆ ಎಲಿಜಬೆತ್ ಬೆನೆಟ್ಟಳ ಗೆಳತಿ ಷಾರ್ಲೆಟ್ಟಳು ಬೇರೆಯಾಗಿ ಕಾಣುವಳು. ಗೆಳತಿಯು ನಿರಾಕರಿಸಿದ ಕಾಲಿನ್ಸನನ್ನೇ ಇಪ್ಪತ್ತೇಳರ ಆಕೆ ಪ್ರೀತಿಯಿಲ್ಲದೆಯೇ ವರಿಸುತ್ತಾಳೆ. ಹಣದಾಸೆಯವಳೆಂದು ಜರೆಯುವುದು ಸುಲಭ. ಅವಳು ಬಯಸಿದುದು ನೆಮ್ಮದಿಯ ಮನೆಯೊಂದನ್ನು ಮಾತ್ರ. ಎಲಿಜಬೆತ್ತಳಾದರೋ, ವರ್ಷಕ್ಕೆ 10,000 ಪೌಂಡುಗಳ ಒಡೆಯನಾದ ಡಾರ್ಸಿಯು ಅವಳ ಬಂಧುಗಳ ಅಂತಸ್ತನ್ನು ಹೀಗಳೆಯುತ್ತಲೇ ಮದುವೆಗೆ ಕೇಳಿದಾಗ, ಅವನನ್ನೂ ಒಲ್ಲೆನೆಂದಳು. ಬೆನ್ನಿಗೆ ಸೂರಿಲ್ಲದೆ ಒಲ್ಲೆನೆಂದುದರಲ್ಲಿ ಅವಳ ಹಿರಿಮೆಯಿದೆ.

ಗ್ರಂಥಕರ್ತ್ರಿಯಾದ ಜೇನ್ ಆಸ್ಟೆನ್ನಳು ಅವಿವಾಹಿತೆ. 1805ರಲ್ಲಿ ತಂದೆ ತೀರಿಹೋದನು. 1809ರಿಂದ ಅವಳು ತಾಯಿಯೊಡನೆ, ಅಕ್ಕನೊಡನೆ, ಅಣ್ಣನು ಕೊಟ್ಟ ಮನೆಯಲ್ಲಿ ಬಾಳಿದಳು. ಸೂರಿನ ಬೆಲೆಯನ್ನು ಅವಳು ಬಲ್ಲಳು. ಕಾಲಿನ್ಸನನ್ನು ನೋಡಿ ನಗುವ ಅವಳ ಲೇಖನಿಯು ಷಾರ್ಲೆಟ್ಟಳನ್ನು ನೋಡಿ ನಗುವುದಿಲ್ಲ.