ಕೆರೆ ಲೆಕ್ಕದ ನಡುವೆ ಒಂದು ಜಗಳ

ಮನೆ ಶಿಕಾರಿಪುರದಲ್ಲಿ, ಗುಮಾಸ್ತಿಕೆ ಸೊರಬ ಸೀಮೆಯ ಒಂದು ಸೊಸೈಟಿಯಲ್ಲಿ. ಬೆಳಿಗ್ಗೆ ತಿಂಡಿ, ಊಟದ ಡಬ್ಬಿ, ಶಿರಾಳಕೊಪ್ಪದ ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸು, ಬೆಳೆಸಾಲದ ಅರ್ಜಿ, ಗೊಬ್ಬರದ ಬಿಲ್ಲು, ಸಂಜೆ ಅದೇ ದಾರಿಯಲ್ಲಿ ವಾಪಸ್ಸು, ರಾತ್ರಿ ದೋಸೆಗೆ ರುಬ್ಬುವುದು. ಇಷ್ಟರ ನಡುವೆ ನಾನು ಕತೆ ಬರೆಯುತ್ತೇನೆ ಅಂದರೆ ಜನ ಕೇಳುವುದು ಒಂದೇ ಪ್ರಶ್ನೆ: "ಪುರುಸೊತ್ತು ಎಲ್ಲಿ ಸಿಗುತ್ತೆ?" ಪುರುಸೊತ್ತು ಸಿಕ್ಕ ದಿನ ನನಗೆ ಒಂದು ಸಾಲೂ ಹುಟ್ಟಿದ್ದಿಲ್ಲ. ಮನೆಮಂದಿಯೆಲ್ಲ ಮದುವೆಗೆ ಹೋಗಿ, ಮನೆ ನಿಶ್ಶಬ್ದವಾಗಿ, ಹೊಸ ನೋಟ್‌ಬುಕ್ಕು ತೆರೆದು ಕೂತರೆ ನಿದ್ದೆ ಬರುತ್ತದೆ. ಬರೆಯಲು ಏಕಾಂತ ಬೇಕು ಅನ್ನುವವರ ಮೇಲೆ ನನಗೆ ಸ್ವಲ್ಪ ಅನುಮಾನ.

ನನ್ನ ಕತೆಗಳು ಹುಟ್ಟುವುದು ಅರ್ಜಿ ನಮೂನೆಯಲ್ಲಿ. 'ಸಾಲದ ಉದ್ದೇಶ' ಅಂತ ಒಂದು ಅಂಕಣವಿದೆ, ಬೆರಳಗಲ. ಎದುರು ಕೂತ ಅಜ್ಜ ಅಲ್ಲಿಗೆ ಬರೆಸಲು ಬರುವಷ್ಟರಲ್ಲಿ ಶುಂಠಿಗೆ ಕೊಳೆ ಬಂದದ್ದು, ಅಳಿಯ ಮಾತು ಬಿಟ್ಟದ್ದು, ಕೊಟ್ಟಿಗೆಯ ಎಮ್ಮೆ ಗಬ್ಬ ನಿಲ್ಲದ್ದು ಎಲ್ಲ ಹೇಳಿ ಮುಗಿಸಿರುತ್ತಾನೆ. ನಾನು 'ಭತ್ತ' ಅಂತ ಬರೆದು ಸಹಿ ಹಾಕಿಸುತ್ತೇನೆ. ಮಿಕ್ಕದ್ದೆಲ್ಲ ಎಲ್ಲಿ ಹೋಗಬೇಕು? ರದ್ದಾದ ಚಲನ್ನಿನ ಬೆನ್ನಿಗೆ ಹೋಗುತ್ತದೆ. ಅಜ್ಜನನ್ನು ಅಜ್ಜಿ ಮಾಡಿ, ಶುಂಠಿಯನ್ನು ಅಡಿಕೆ ಮಾಡಿ, ಊರನ್ನು ಹೊಳೆಯಾಚೆ ದಾಟಿಸಿಬಿಟ್ಟರೆ ಯಾರ ಮನೆಯ ಗುಟ್ಟೂ ಬಯಲಾಗುವುದಿಲ್ಲ. ಅಳಿಯ ಮಾತ್ರ ಬದಲಾಗದೆ ಹಾಗೇ ಉಳಿಯುತ್ತಾನೆ. ಅಳಿಯಂದಿರು ಎಲ್ಲ ಊರಿನಲ್ಲೂ ಒಂದೇ.

ಕತೆ ಬೆಳೆಯುವುದು ಅಡಿಗೆಮನೆಯಲ್ಲಿ. ಇದಕ್ಕೆ ಕೆಲವು ಕ್ರಮಗಳಿವೆ. ಕಾಯಿ ತುರಿಯುವಾಗ ಸಂಭಾಷಣೆ ಚೆನ್ನಾಗಿ ಬರುತ್ತದೆ. ಬಟ್ಟೆ ಒಗೆಯುವಾಗ ಕೋಪದ ಸನ್ನಿವೇಶ. ಸೊಪ್ಪು ಸೋಸುವಾಗ ಬೇಡದ ಪಾತ್ರಗಳು ತಾವೇ ಉದುರುತ್ತವೆ. ಒಗ್ಗರಣೆ ಹೊತ್ತಿನಲ್ಲಿ ಮಾತ್ರ ಕತೆಯ ಸುದ್ದಿಗೆ ಹೋಗಬಾರದು. "ಎಂತ ಮಾರಾಯ್ತಿ, ಸಾಸಿವೆ ಸೀದು ಹೋಯ್ತು, ಯಾವ ಲೋಕದಲ್ಲಿದ್ದೀ?" ಅಂತ ಅತ್ತೆ ಜಗಲಿಯಿಂದಲೇ ಕೂಗುತ್ತಾರೆ. ಅವರ ಮೂಗು ಬಹಳ ಚುರುಕು. ಹೀಗೆ ಹೊಳೆದ ಸಾಲನ್ನು ಮರುದಿನದ ಬಸ್ಸಿನವರೆಗೆ ಬಾಯಲ್ಲೇ ಕಾಯಬೇಕು. ಉದ್ದದ ವಾಕ್ಯ ಅಷ್ಟು ದೂರ ಬರುವುದಿಲ್ಲ, ನಡುವೆ ಎಲ್ಲೋ ಇಳಿದುಹೋಗುತ್ತದೆ. ನನ್ನ ಶೈಲಿ ಬಿಗಿಯಾಗಿದೆ ಅಂತ ಒಬ್ಬರು ಮೆಚ್ಚಿ ಬರೆದಿದ್ದರು. ಪುಣ್ಯವೆಲ್ಲ ಬಸ್ಸಿನದು.

ನೌಕರಿಯ ಕಾಗದದಲ್ಲೇ ಕತೆ ನುಸುಳಿಸುವ ಈ ಚಾಳಿಗೆ ನಮ್ಮ ಸೀಮೆಯಲ್ಲಿ ಬಹಳ ಹಳೆಯ ಹಿರಿಯನೊಬ್ಬನಿದ್ದಾನೆ. ಶಿರಾಳಕೊಪ್ಪದ ಹತ್ತಿರದ ತಾಳಗುಂದದಲ್ಲಿ, ಪ್ರಣವೇಶ್ವರ ದೇವಸ್ಥಾನದ ಮುಂದೆ ಒಂದು ಕಲ್ಲಿನ ಕಂಬವಿದೆ. 5ನೇ ಶತಮಾನದ್ದು. ಕದಂಬರ ಕಾಕುಸ್ಥವರ್ಮ ಅಲ್ಲಿ ಕೆರೆ ಕಟ್ಟಿಸಿದ, ಅದನ್ನು ದಾಖಲು ಮಾಡಬೇಕಿತ್ತು. ಅವನ ಮಗ ಶಾಂತಿವರ್ಮನ ಕಾಲದಲ್ಲಿ ಆ ಕೆಲಸ ಕುಬ್ಜನೆಂಬ ಕವಿಯ ಪಾಲಿಗೆ ಬಂತು. ಈಗಿನ ಲೆಕ್ಕದಲ್ಲಿ ಅದು ಲೋಕೋಪಯೋಗಿ ಇಲಾಖೆಯ ಕಾಮಗಾರಿ ವರದಿ. ಇಂಥವನು ಇಂಥಲ್ಲಿ ಕೆರೆ ಕಟ್ಟಿಸಿದ ಅಂತ ಬರೆದು ಕೈ ತೊಳೆದುಕೊಳ್ಳಬಹುದಿತ್ತು. ಕುಬ್ಜ ಸಂಸ್ಕೃತದಲ್ಲಿ 34 ಪದ್ಯ ಬರೆದ. ಕೆರೆ ಬರುವ ಹೊತ್ತಿಗೆ ಶಾಸನವೇ ಮುಗಿಯುತ್ತ ಬಂದಿರುತ್ತದೆ.

ಅದಕ್ಕೂ ಮುಂಚೆ ಇರುವುದೆಲ್ಲ ಕತೆ. ಮನೆಯ ಹತ್ತಿರ ಬೆಳೆದ ಕದಂಬ ಮರವನ್ನು ಜೋಪಾನ ಮಾಡಿಕೊಂಡು ಬಂದ ಒಂದು ಬ್ರಾಹ್ಮಣ ಕುಟುಂಬ. ಆ ಮನೆಯ ಹುಡುಗ ಮಯೂರಶರ್ಮ, ಗುರು ವೀರಶರ್ಮನ ಜೊತೆ ಓದಲು ಕಂಚಿಯ ಘಟಿಕೆಗೆ ಹೋಗುತ್ತಾನೆ. ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನ ಜೊತೆ ಜಗಳ. ಸಿಟ್ಟಿಗೆ ದರ್ಭೆ ಹಿಡಿದು ರೂಢಿಯಾದ ಕೈಯಲ್ಲಿ ಕತ್ತಿ ಹಿಡಿಯುತ್ತಾನೆ, ಗಡಿ ಕಾಯುವವರನ್ನು ಸೋಲಿಸುತ್ತಾನೆ, ಶ್ರೀಪರ್ವತದವರೆಗಿನ ಕಾಡು ಸೇರುತ್ತಾನೆ, ಕಡೆಗೆ ಪಲ್ಲವರೇ ಅವನನ್ನು ಅರಸನೆಂದು ಒಪ್ಪುತ್ತಾರೆ. ನನಗೆ ಸಂಸ್ಕೃತ ಬಾರದು, ಅಚ್ಚಾದ ಸಾರಾಂಶ ನಂಬಿದವಳು. ಆದರೂ ಆ ಕಂಬದ ಮುಂದೆ ನಿಂತಾಗ ಗುಮಾಸ್ತೆಯಾಗಿ ನನಗೆ ಆದ ಸಂತೋಷ ಇತಿಹಾಸದವರಿಗೆ ಆಗಿರಲಾರದು. ಪದ್ಯವನ್ನು ಕಲ್ಲಿನ ಮೇಲೆ ಬರೆದವನು ತಾನೇ ಅಂತ ಕುಬ್ಜ ಕೊನೆಗೆ ಹೆಸರು ಹಾಕಿಕೊಂಡಿದ್ದಾನೆ. ಇವತ್ತು ಕದಂಬರ ಹುಟ್ಟಿನ ಬಗ್ಗೆ ಪಠ್ಯಪುಸ್ತಕ ಹೇಳುವುದಕ್ಕೆಲ್ಲ ಮುಖ್ಯ ಆಧಾರ ಈ ಕೆರೆ ವರದಿಯೇ.

ನೀರಾವರಿಗೂ ಕತೆಗೂ ನಮ್ಮ ಕಡೆ ಏನೋ ನಂಟಿದೆ. ಪಕ್ಕದ ಸಾಗರದ ನಾ. ಡಿಸೋಜ ಲೋಕೋಪಯೋಗಿ ಇಲಾಖೆಯಲ್ಲೇ ನೌಕರಿ ಮಾಡಿದವರು. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಎದ್ದು ಊರೂರೇ ಮುಳುಗಿದ್ದನ್ನು ಕಂಡವರು. ಅಣೆಕಟ್ಟಿನ ಕಡತದಲ್ಲಿ ಇರುವುದು ಎಷ್ಟು ಎಕರೆ, ಎಷ್ಟು ಪರಿಹಾರ ಅನ್ನುವುದು. ಬಿಟ್ಟುಬಂದ ಮನೆಯ ಹೊಸಿಲು ಅಲ್ಲಿಲ್ಲ. ಅದು 'ಮುಳುಗಡೆ'ಯಲ್ಲಿದೆ, 'ದ್ವೀಪ'ದಲ್ಲಿದೆ. ನಮ್ಮೂರಿನ ಹೆಸರನ್ನೇ ಹೆಸರಿಗೆ ಅಂಟಿಸಿಕೊಂಡ ಶಿಕಾರಿಪುರ ಹರಿಹರೇಶ್ವರರೂ ವೃತ್ತಿಯಿಂದ ಇಂಜಿನಿಯರು. ಅಮೆರಿಕದಲ್ಲಿದ್ದುಕೊಂಡು 'ಅಮೆರಿಕನ್ನಡ' ಪತ್ರಿಕೆ ನಡೆಸಿದರು. ಸಾಹಿತ್ಯವೇ ಹೊಟ್ಟೆಪಾಡು ಆಗಿದ್ದವರಿಗಿಂತ ಹೀಗೆ ಸಂಬಳದ ಕೆಲಸದ ಸಂದಿಯಲ್ಲಿ ಬರೆದವರೇ ಕನ್ನಡದಲ್ಲಿ ಹೆಚ್ಚು ಅಂತ ನನ್ನ ಅಂದಾಜು.

ಕತೆಗಾರರಿಗೆ ಬಿಟ್ಟಿ ಊಟ ಹಾಕುತ್ತಿದ್ದ ಕಾಲವೂ ಇತ್ತು ಅನ್ನಿ. ಬಳ್ಳಿಗಾವಿಯ ಕೇದಾರೇಶ್ವರಕ್ಕೆ ಸೇರಿದ್ದ ಕೋಡಿಮಠದ ಬಗ್ಗೆ 1162ರ ಶಾಸನ ಒಂದು ದೊಡ್ಡ ಪಟ್ಟಿ ಕೊಡುತ್ತದೆ. ವೇದ, ವ್ಯಾಕರಣಗಳ ಓದು ಒಂದು ಕಡೆ, ಅನ್ನದಾನ ಇನ್ನೊಂದು ಕಡೆ. ಊಟಕ್ಕೆ ಕೂರುವವರ ಸಾಲಿನಲ್ಲಿ ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಆದಮೇಲೆ ಕತೆ ಹೇಳುವವರು. ಕಿವುಡರ ಪಕ್ಕದಲ್ಲೇ ಕತೆಗಾರರಿಗೆ ಎಲೆ ಹಾಕಿದ ಪಟ್ಟಿಕಾರನಿಗೆ ಸಾಹಿತ್ಯದ ವಿಚಾರ ಚೆನ್ನಾಗಿ ಗೊತ್ತಿದ್ದಿರಬೇಕು.

ಈಗ ನಾನು ಬರೆಯುತ್ತಿರುವುದು ಕುಬ್ಜ ಬಿಟ್ಟುಹೋದ ಒಂದು ಜಾಗ. ಜಗಳ ತೀವ್ರವಾಗಿತ್ತು ಅಂತ ಅವನು ಹೇಳುತ್ತಾನೆ. ಯಾತಕ್ಕೆ ಜಗಳ ಅಂತ ಹೇಳುವುದಿಲ್ಲ! ಒಂದು ರಾಜವಂಶ ಎದ್ದು ನಿಂತ ಜಗಳಕ್ಕೆ ಕಾರಣವೇ ದಾಖಲಾಗಿಲ್ಲ. ಅಂಕಣ ಖಾಲಿ. ಇಂಥ ಅರ್ಜಿ ನನ್ನ ಮೇಜಿಗೆ ಬಂದಿದ್ದರೆ ವಾಪಸ್ಸು ಕಳಿಸುತ್ತಿದ್ದೆ.

ಬಸ್ಸಿನಲ್ಲಿ ಹಲವು ಕಾರಣ ಹೊಂದಿಸಿ ನೋಡಿದ್ದೇನೆ. ದಾರಿ ಬಿಡಲಿಲ್ಲ ಅಂತ, ಜನಿವಾರ ನೋಡಿ ಹಾಸ್ಯ ಮಾಡಿದ ಅಂತ, ಭಾಷೆ ಅರ್ಥವಾಗದೆ ಮಾತಿಗೆ ಮಾತು ಬೆಳೆಯಿತು ಅಂತ. ಸೊಸೈಟಿಯಲ್ಲಿ ಗೊಬ್ಬರದ ದಿನ ಸಾಲು ಮುರಿದವನ ಮೇಲೆ ಒಬ್ಬ ಹುಡುಗ ಏರಿಹೋದದ್ದು ಕಂಡು ಅದನ್ನೂ ಕಂಚಿಗೆ ಸಾಗಿಸಿದೆ. ಯಾವುದೂ ಕೂರಲಿಲ್ಲ, ಎಲ್ಲ ಸ್ವಲ್ಪ ಗಂಭೀರವಾದವು. ಮೊನ್ನೆ ಅಕ್ಕಿ ಆರಿಸುತ್ತ ಅತ್ತೆಗೆ ಪೂರ್ತಿ ಕತೆ ಹೇಳಿದೆ, ಕಾರಣ ಏನಿರಬಹುದು ಅಂತ ಕೇಳಿದೆ. ಅವರು ಮೊರದಿಂದ ತಲೆ ಎತ್ತಲಿಲ್ಲ.

"ಇನ್ನೆಂತಾ ಇರುತ್ತೆ? ಈ ಹುಡುಗ್ರು ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಇಟ್ಟಿರ್ತಾರೆ. ಆ ಕುದ್ರೆ ಅಲ್ಲೇ ಲದ್ದಿ ಹಾಕಿರುತ್ತೆ. ತೆಗಿಯೋ ಅಂದ್ರೆ ಅವನು ತೆಗೆದಿರಲ್ಲ."