ಜಿಪ್ಸಿಯ ಬಾಣಂತನ

ಕಾಡುಮೇಡಿನ ರ‍್ಯಾಲಿಯಲ್ಲಿ ಓಡುವ ಗಾಡಿಯ ಹೆಚ್ಚುಗಾರಿಕೆಯೆಲ್ಲ ಓಟದ ದಿನವೇ ಎಂದು ತಿಳಿದವರು ಬಹಳ. ದೂಳೆಬ್ಬಿಸಿ ಹಾರುವ ಚಿತ್ರವನ್ನು ಪತ್ರಿಕೆಯಲ್ಲಿ ನೋಡಿ ತಲೆದೂಗುತ್ತೇವೆ. ಒಂದು ಓಟ ಮುಗಿದು ಇನ್ನೊಂದು ಬರುವತನಕ ಅದಕ್ಕೆ ನಡೆಯುವ ಉಪಚಾರದ ಚಿತ್ರವನ್ನು ಯಾರೂ ತೆಗೆಯುವುದಿಲ್ಲ. ಅದು ಥೇಟು ಬಾಣಂತನ. ಎಣ್ಣೆ, ನೀರು, ಪಥ್ಯ, ಹಿರಿಯರ ಗದರಿಕೆ ಎಲ್ಲ ಉಂಟು. ಚಪ್ಪಾಳೆ ಮಾತ್ರ ಇಲ್ಲ.

ನನ್ನ ಅಕ್ಕನ ಮಗನ ಬಳಿ ಹಳೆಯ ಮಾರುತಿ ಜಿಪ್ಸಿಯೊಂದಿದೆ. 1985ರಲ್ಲಿ ಪೇಟೆಗೆ ಬಂದ ಈ ಜಾತಿಯ ಗಾಡಿಯ ತಯಾರಿಕೆ ಈಗ ನಿಂತುಹೋಗಿದೆ. ಬಿಡಿಭಾಗಕ್ಕೆ ಎಷ್ಟೋ ಸಲ ಶಿವಾಜಿನಗರದ ಗುಜರಿ ಅಂಗಡಿಗಳೇ ಗತಿ. ಇವನದು 1298 ಸಿ.ಸಿ. ಎಂಜಿನ್ನಿನದು. ಏಣಿಯಂಥ ಚಾಸಿ, ಹಿಂದೆ ಮುಂದೆ ಜಟಕಾಬಂಡಿಗೆ ಇರುವಂಥ ಪಟ್ಟಿಯ ಸ್ಪ್ರಿಂಗು. ನಡೆಸುವವನು ಅವನು, ಎಡಗಡೆ ಕುಳಿತು ದಾರಿಯ ಟಿಪ್ಪಣಿ ಓದುವವನು ನಾನು. ಹೀಗಾಗಿ ಈ ಬಾಣಂತನದಲ್ಲಿ ನನ್ನ ಸ್ವಾರ್ಥವೂ ಸೇರಿದೆ ಎನ್ನಿ.

ಮೊದಲ ಶಾಸ್ತ್ರ ಸ್ನಾನ. ಅಡಿಯಲ್ಲಿ ಮೆತ್ತಿದ ಕೆಸರು ಹೋಗದೆ ಬಿರುಕು ಕಾಣದು. ಆಮೇಲೆ ಎಣ್ಣೆ ಇಳಿಸಿ ನೋಡುವುದು. ಹಳ್ಳ ದಾಟುವಾಗ ಆಕ್ಸಲಿನೊಳಕ್ಕೆ ನೀರು ಹೊಕ್ಕಿದ್ದರೆ ಆ ಎಣ್ಣೆ ಹಾಲು ಹೆಚ್ಚಾದ ಕಾಫಿಯ ಬಣ್ಣದಲ್ಲಿ ಇಳಿಯುತ್ತದೆ. ಚಕ್ರದ ಬೇರಿಂಗು ತೊಳೆದು ಹೊಸ ಗ್ರೀಸು ತುಂಬಬೇಕು. ಬ್ರೇಕಿನ ಕೊಳವೆಗೆ ಕಲ್ಲು ತಗಲಿದೆಯೇ ಎಂದು ಬೆರಳಾಡಿಸಬೇಕು. ಸೀಟಿನ ಬೆಲ್ಟಿಗೂ ಆಯುಸ್ಸುಂಟು. ಅದು ಮುಗಿಯುವ ವರ್ಷ ಅದರ ಮೇಲೆಯೇ ಅಚ್ಚಾಗಿರುತ್ತದೆ. ಕಡೆಗೆ, ಬಿಗಿದ ನಟ್ಟಿನಿಂದ ಬೋಲ್ಟಿನವರೆಗೆ ಒಂದು ಹಳದಿ ಗೀಟು. ಗೀಟು ಎರಡು ಹೋಳಾಗಿ ಕಂಡರೆ ನಟ್ಟು ಸಡಿಲಿತೆಂದು ತಿಳಿಯಬೇಕು.

ಹೋದ ಸಲ ಹೊರಡಲು ಮೂರು ದಿನವಿದ್ದಾಗ, ಟಾರ್ಚು ಹಿಡಿದು ಗಾಡಿಯಡಿ ಮಲಗಿದ ಮೇಸ್ತ್ರಿಗಳು ಬಹಳ ಹೊತ್ತು ಏಳಲೇ ಇಲ್ಲ. ಸ್ಪ್ರಿಂಗು ಚಾಸಿಯನ್ನು ಕೂಡುವ ಜಾಗದಲ್ಲಿ ಕೂದಲೆಳೆಯಂಥ ಬಿರುಕು, ಅದರ ಅಂಚಿಗೆ ತುಕ್ಕು.

“ಮೇಲೊಂದು ಬೆಸುಗೆ ಹಾಕಿಬಿಡಿ ಮೇಸ್ತ್ರಿ, ಪ್ರವೇಶದ ಹಣ ಕಟ್ಟಿಯಾಗಿದೆ,” ಎಂದ ಹುಡುಗ.

“ಬೆಸುಗೆ ಹಾಕಿ ಬಣ್ಣ ಬಳಿದರೆ ನಿಮ್ಮ ಕಣ್ಣಿಗೆ ಕಾಣೋದಿಲ್ಲ ಸ್ವಾಮಿ. ಗಾಡಿಗೆ ಗೊತ್ತಿರುತ್ತೆ.”

ಸ್ಪ್ರಿಂಗು ಇಳಿಸಬೇಕು, ಬಿರುಕು ಮುಂದೆ ಹರಿಯದಂತೆ ಅದರ ತುದಿಗೆ ತೂತು ಕೊರೆಯಬೇಕು, ಉಜ್ಜಿ, ಆಳದಿಂದ ಬೆಸೆದು, ಮೇಲೆ ದಪ್ಪ ಉಕ್ಕಿನ ತುಂಡು ಕೂರಿಸಬೇಕು. ಐದಾರು ದಿನದ ಕೆಲಸ.

“ನೀವೇನಂತೀರಿ ಮಾಮ?” ಎಂದು ಅವನು ನನ್ನ ಕಡೆ ತಿರುಗಿದ.

ಇಳಿಜಾರಿನ ತಿರುವಿನಲ್ಲಿ ಸ್ಪ್ರಿಂಗು ಕಳಚಿದರೆ ಆಕ್ಸಲು ತನ್ನ ಜಾಗದಲ್ಲಿ ನಿಲ್ಲುವುದಿಲ್ಲ. ಆಗ ನನ್ನ ಟಿಪ್ಪಣಿ ಯಾವ ಉಪಯೋಗಕ್ಕೆ? “ನಿಮ್ಮಮ್ಮನ್ನ ಕರೆದು ಈ ಬಿರುಕು ತೋರಿಸು. ಅವಳು ಹೋಗಿ ಬನ್ನಿ ಅಂದರೆ ಹೊರಡೋಣ,” ಎಂದೆ. ಅವನು ಮಾತಾಡಲಿಲ್ಲ. ಸ್ಪ್ಯಾನರು ಎತ್ತಿಕೊಂಡು ಮೇಸ್ತ್ರಿಗಳ ಪಕ್ಕದಲ್ಲಿ ತಾನೂ ಮಲಗಿದ.

ಓಟ ನಮ್ಮನ್ನು ಬಿಟ್ಟು ನಡೆಯಿತು. ಕಟ್ಟಿದ ಹಣವೂ ಹೋಯಿತು. ಅದು ಮುಗಿಯುವ ಭಾನುವಾರ ಗೆಳೆಯರು ಕಳಿಸಿದ ಚಿತ್ರಗಳಿಂದ ಅವನ ಫೋನು ಗಳಿಗೆಗೊಮ್ಮೆ ಗುಂಯ್‌ಗುಡುತ್ತಿತ್ತು. ಅವನು ಅತ್ತ ನೋಡಲಿಲ್ಲ. ಹೊಸ ಬೋಲ್ಟುಗಳಿಗೆ ಹಳದಿ ಗೀಟು ಎಳೆಯುತ್ತಿದ್ದ. ಅಲ್ಲಿಯತನಕ ಆ ಕುಂಚವನ್ನು ಮೇಸ್ತ್ರಿಗಳು ಯಾರ ಕೈಗೂ ಕೊಟ್ಟಿರಲಿಲ್ಲ.