ಒಂದರ ಗೂಡಿಗೆ ಹನ್ನೊಂದು ಅಂಕ

ಹಾಲೆಂಡಿನ ಡೆಲ್ಫ್ಟ್ ಊರಿನಲ್ಲಿ ನೆಟ್ಟಗಿರುವುದು ಕಡಿಮೆ. ಅಲ್ಲಿನ ಹಳೆಯ ಚರ್ಚಿನ ಗೋಪುರವನ್ನು ಕಾಲುವೆ ತುಂಬಿಸಿದ ಜಾಗದಲ್ಲಿ ಕಟ್ಟಿದರಂತೆ. ಯಾರು ನೋಡಿದರೂ ಗೊತ್ತಾಗುವಷ್ಟು ವಾಲಿದೆ. ಚಿತ್ರಕಾರ ವರ್ಮೀರನ ಸಮಾಧಿ ಇರುವುದೂ ಅದೇ ಚರ್ಚಿನಲ್ಲಿ. ಮಗಳು ಬಾಡಿಗೆಗಿದ್ದ ಇಟ್ಟಿಗೆ ಮನೆಯ ನೆಲವೂ ಕಾಲುವೆಯ ಕಡೆಗೆ ಇಳಿಜಾರು. ಮೊಮ್ಮಗಳು ಗೋಲಿ ಬಿಟ್ಟರೆ ಅದು ತಾನಾಗಿ ಹೋಗಿ ಕಿಟಕಿಯ ಕೆಳಗೆ ನಿಲ್ಲುತ್ತಿತ್ತು. ಪಕ್ಕದ ಮನೆಯದೂ ಇದೇ ಕಥೆ. ಹಾಗಾಗಿ ಆ ಮನೆಯ ಅಜ್ಜಿ ತಮ್ಮ ಆಟದ ಹಲಗೆಯನ್ನು ಊಟದ ಮೇಜಿನ ಮೇಲೆ ಹಾಸುವ ಮೊದಲು ಮೇಜಿನ ಕಾಲಿನಡಿ ಮಡಿಸಿದ ಪತ್ರಿಕೆ ತುರುಕುತ್ತಿದ್ದರು. ಹಲಗೆ ವಾಲಿದ್ದರೆ ಬಿಲ್ಲೆ ದಾರಿ ತಪ್ಪುತ್ತದೆ.

ಆ ಹಲಗೆಯ ಹೆಸರು ಶೂಲ್‌ಬಾಕ್, ಆಟದ ಹೆಸರು ಶೂಲೆನ್. ಸುಮಾರು ಎರಡು ಮೀಟರ್ ಉದ್ದ, ಒಂದೂವರೆ ಅಡಿಗಿಂತ ಕಡಿಮೆ ಅಗಲ, ಸುತ್ತ ಅಂಚುಕಟ್ಟು. ತೊಟ್ಟಿಲಿನ ತಳವನ್ನು ಎಳೆದು ಉದ್ದ ಮಾಡಿದಂತೆ ಕಾಣುತ್ತದೆ. ಆ ತುದಿಯಲ್ಲಿ ನಾಲ್ಕು ಪುಟ್ಟ ಬಾಗಿಲು, ಒಂದೊಂದರ ಹಿಂದೆ ಒಂದೊಂದು ಗೂಡು. ಕೈಯಲ್ಲಿ 30 ಮರದ ಬಿಲ್ಲೆ. ನಮ್ಮ ಕೇರಂ ಬೆರಳಿನ ಚಿಮ್ಮುವಿಕೆ ಇಲ್ಲಿ ನಡೆಯದು. ಬಿಲ್ಲೆಯ ಮೇಲೆ ಬೆರಳಿಟ್ಟು, ಅಂಗೈಯನ್ನು ಮುಂದಕ್ಕೆ ಜಾರಿಸಿ, ಈಚೆ ತುದಿಯ ಅಡ್ಡಪಟ್ಟಿಯ ಹತ್ತಿರ ಬಿಟ್ಟುಬಿಡಬೇಕು. ಉಳಿದದ್ದು ಬಿಲ್ಲೆಯ ಪಾಡು. ಕೇರಂಗೆ ಹಾಕುವಂತೆ ಚಿಟಿಕೆ ಪುಡಿ ಮಾತ್ರ ಇಲ್ಲಿಯೂ ಬೇಕು.

ಹೀಗೆ ಮೇಜಿನ ಮೇಲೆ ಬಿಲ್ಲೆ ಜಾರಿಸುವ ಹುಚ್ಚು ಯುರೋಪಿನಲ್ಲಿ ಹಳೆಯದು. ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿ ಇಂಥದೇ ಒಂದು ಆಟದಲ್ಲಿ ಒಂಬತ್ತು ಪೌಂಡ್ ಸೋತದ್ದು ಅವನ ಅರಮನೆಯ 1532ರ ಖರ್ಚಿನ ಲೆಕ್ಕದಲ್ಲಿದೆ. ಅದರ ವಂಶದ ಶಫಲ್‌ಬೋರ್ಡ್ ಇಂದು ಅಮೆರಿಕದಲ್ಲಿದೆ. ಅಲ್ಲಿನ ಮೇಜು 22 ಅಡಿಯವರೆಗೂ ಉದ್ದ, ಬಾಗಿಲುಗಳಿಲ್ಲ, ಎದುರಾಳಿಯ ಅತ್ಯಂತ ಮುಂದಿನ ಬಿಲ್ಲೆಯನ್ನು ದಾಟಿದ ಬಿಲ್ಲೆಗಳಿಗಷ್ಟೇ ಅಂಕ. ಅದು ಗುದ್ದಾಟದ ಆಟ. ಶೂಲೆನ್‌ನಲ್ಲಿ ಯಾರನ್ನೂ ತಳ್ಳಿ ಬೀಳಿಸುವುದಿಲ್ಲ. ನಿಮ್ಮ 30 ಬಿಲ್ಲೆ, ನಿಮ್ಮ ಲೆಕ್ಕ. ಮನೆಮಂದಿಗೆ ಇದೇ ವಾಸಿ ಅನ್ನುವುದು ನನ್ನ ಅಭಿಪ್ರಾಯ.

ಆ ಲೆಕ್ಕವನ್ನು ಈಗ ಹೇಳಬೇಕು, ಮಜಾ ಇರುವುದೇ ಅಲ್ಲಿ. ಎಡದಿಂದ ಗೂಡುಗಳ ಬೆಲೆ 2, 3, 4, 1. ಒಬ್ಬರಿಗೆ ಮೂರು ಸರದಿ. ಮೊದಲ ಸರದಿಯಲ್ಲಿ ಮೂವತ್ತನ್ನೂ ತಳ್ಳಿ, ಒಳಹೋದವನ್ನು ಅಲ್ಲೇ ಹಿಂದೆ ಸರಿಸಿ ಪೇರಿಸಿಟ್ಟು, ಹೊರಗುಳಿದವನ್ನು ವಾಪಸ್ ತಂದು ಮತ್ತೆ ತಳ್ಳುವುದು, ಇನ್ನೊಮ್ಮೆ ಹಾಗೆಯೇ. ನಾಲ್ಕೂ ಗೂಡಿಗೆ ಒಂದೊಂದು ಬಿಲ್ಲೆ ಬಿದ್ದರೆ ಕೂಡಿದಾಗ 10 ಆಗಬೇಕಲ್ಲವೇ? ಆದರೆ ಅಂಥ ಪೂರ್ತಿ ಜೊತೆಗೆ 20 ಕೊಡುತ್ತಾರೆ. ಜೊತೆಯಾಗದೆ ಉಳಿದವಕ್ಕೆ ಮಾತ್ರ ಗೂಡಿನ ಬೆಲೆ. ಮೂವತ್ತೂ ಒಳಹೋದರೆ ಏಳು ಜೊತೆಗೆ 140, ಮಿಕ್ಕೆರಡು ನಾಲ್ಕರ ಗೂಡಿನಲ್ಲಿದ್ದರೆ 8, ಒಟ್ಟು 148.

ಮಕ್ಕಳ ಕಣ್ಣು ಮಾತ್ರ ಸದಾ ನಾಲ್ಕರ ಮೇಲೆ. ಒಂಬತ್ತು ವರ್ಷದ ನನ್ನ ಮೊಮ್ಮಗಳೂ ಅಲ್ಲಿಗೇ ಗುರಿಯಿಡುತ್ತಿದ್ದಳು. ಅಜ್ಜಿ ಬಲತುದಿಯ ಗೂಡಿನತ್ತ ಕೈ ತೋರಿಸಿ "ಏನ್, ಏನ್!" ಅನ್ನುತ್ತಿದ್ದರು. ಮೊದಲ ದಿನ ನಾನು "ಏನಿಲ್ಲ ತಾಯಿ" ಅಂದೆ. ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. ಡಚ್ಚಿನಲ್ಲಿ "ಏನ್" ಅಂದರೆ ಒಂದು! ಆಮೇಲೆ ತ್ವೇ, ದ್ರೀ, ಫೀರ್ ಕಲಿತೆ. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ನನಗೆ ಡಚ್ ಬಾರದು. ಎರಡು ತಿಂಗಳು ಆ ನಾಲ್ಕು ಅಂಕಿಗಳಲ್ಲೇ ನಮ್ಮ ಸಂಭಾಷಣೆ ಸಾಗಿತು. ಮಗಳು, ಅಳಿಯ ಕೆಲಸಕ್ಕೆ ಹೋದ ಮೇಲೆ ಮಳೆ ನೋಡುತ್ತ ಕೂರುವ ತಾಪತ್ರಯ ತಪ್ಪಿತು. ಅವರಿಗೂ ತಪ್ಪಿತೆಂದು ಕಾಣುತ್ತದೆ. ಮೂರು ಗಂಟೆಯಾದರೆ ಗೋಡೆ ತಟ್ಟುತ್ತಿದ್ದರು.

ಚಳಿಗಾಲದ ಹೊತ್ತಿಗೆ ಅವರು ವೃದ್ಧರ ವಸತಿಗೃಹಕ್ಕೆ ಹೋಗುವವರಿದ್ದರು. ಅಲ್ಲಿ ಒಂದೇ ಕೋಣೆ, ಎರಡು ಮೀಟರ್ ಹಲಗೆಗೆ ಜಾಗವಿಲ್ಲ. ಅದು ಅವರ ತವರಿನದು. ಮೊಮ್ಮಗಳಿಗೇ ಕೊಡುತ್ತೇನೆ, ಆದರೆ ಒಂದೇ ಆಟದಲ್ಲಿ ನೂರು ಮುಟ್ಟಲಿ ಅಂದರು. ಸುಮ್ಮನೆ ಕೊಡಬಹುದಿತ್ತು. ಕೊಡಲಿಲ್ಲ, ಅದು ನನಗೆ ಹಿಡಿಸಿತು.

ನಾನು ಹೊರಡುವ ಹಿಂದಿನ ದಿನ ಹುಡುಗಿ ಚೆನ್ನಾಗಿ ಆಡುತ್ತಿದ್ದಳು. ಕೊನೆಯ ಸರದಿ, ಕೈಯಲ್ಲಿ ಎರಡೇ ಬಿಲ್ಲೆ. ಎರಡರ ಗೂಡಿನಲ್ಲಿ 5, ಮೂರರದರಲ್ಲಿ 6, ನಾಲ್ಕರದರಲ್ಲಿ 6, ಒಂದರದರಲ್ಲಿ 3. ಮೂರು ಜೊತೆಗೆ 60, ಉಳಿದವಕ್ಕೆ 4, 9, 12. ಒಟ್ಟು 85. ಎರಡನ್ನೂ ನಾಲ್ಕಕ್ಕೆ ಹಾಕಿದರೂ 93ಕ್ಕೇ ನಿಲ್ಲುತ್ತದೆ. ಅದೇ ಒಂದರ ಗೂಡಿಗೆ ಒಂದು ಹಾಕಿದರೆ ನಾಲ್ಕನೇ ಜೊತೆ ಕೂಡುತ್ತದೆ: 20 ಬಂತು, ಬಿಡಿಯಾಗಿದ್ದ 2, 3, 4 ಹೋಯಿತು, ನಿವ್ವಳ ಲಾಭ 11. ಒಂದರ ಗೂಡಿಗೆ ಹನ್ನೊಂದು! ಅವಳು ಬೆರಳೆಣಿಸಿ ನೋಡಿ, ಮೊದಲ ಬಾರಿಗೆ ಬಲಕ್ಕೆ ತಿರುಗಿ ನಿಂತಳು.

ಮೊದಲನೆಯದು ಒಳಹೋಯಿತು. 96. ಈಗ ಒಂದಾದರೂ ಸರಿ, ನಾಲ್ಕಾದರೂ ಸರಿ. ಎರಡನೆಯದು ಒಂದರ ಬಾಗಿಲ ಕಂಬಕ್ಕೆ ತಾಗಿ, ಅರ್ಧ ತಿರುಗಿ, ಹೊಸ್ತಿಲಲ್ಲೇ ನಿಂತಿತು. ಬಾಗಿಲ ಮುಂಚಿನಿಂದ ಚೂರೂ ಹೊರಚಾಚದೆ ಪೂರ್ತಿ ಒಳಗಿದ್ದರೆ ಮಾತ್ರ ಲೆಕ್ಕ. ಅಜ್ಜಿ ಕನ್ನಡಕ ಹಾಕಿಕೊಂಡು ಮೇಲಿನಿಂದ ನೋಡಿದರು. ಉಗುರಿನಷ್ಟು ಹೊರಗಿತ್ತು. ತಲೆ ಅಲ್ಲಾಡಿಸಿ ಚೀಟಿಯಲ್ಲಿ 96 ಎಂದೇ ಬರೆದರು. ಹುಡುಗಿಯ ಕಣ್ಣು ತುಂಬಿತು. "ಮಾರ್ಗನ್" ಅಂದರು, ನಾಳೆ ಅಂತ. ನಾಳೆ ನಾನಿರುವುದಿಲ್ಲ ಅನ್ನುವುದನ್ನು ಹೇಳಲು ನನ್ನ ನಾಲ್ಕು ಅಂಕಿ ಸಾಲಲಿಲ್ಲ.

ಮೈಸೂರಿಗೆ ಬಂದ ಹತ್ತನೇ ದಿನ ವಾಟ್ಸ್ಆ್ಯಪ್‌ನಲ್ಲಿ ಒಂದು ಫೋಟೋ ಬಂತು. ಮಾತಿಲ್ಲ, ನಾಲ್ಕು ಗೂಡು ಮಾತ್ರ. ಬೆರಳಿನಿಂದ ದೊಡ್ಡದು ಮಾಡಿ ಎಣಿಸಿದೆ: 5, 6, 5, 5. ನೀವೇ ಕೂಡಿ ನೋಡಿ. ಹಲಗೆ ಈಗ ಮಗಳ ಮನೆಯಲ್ಲಿ ಸೋಫಾದ ಹಿಂದೆ ಗೋಡೆಗೆ ಒರಗಿದೆ. ಭಾನುವಾರಗಳಲ್ಲಿ ಅಜ್ಜಿಯನ್ನು ವಸತಿಗೃಹದಿಂದ ಕರೆತರುತ್ತಾರಂತೆ. ಬಂದವರೇ ಮೊದಲು ಪತ್ರಿಕೆ ಕೇಳುತ್ತಾರಂತೆ, ಮೇಜಿನ ಕಾಲಿಗೆ.